ಸೂತಕ ಬಿಟ್ಟೆವೆಂದವರ ಮನೆಯಲ್ಲಿ ಈ ಮೌನವೇಕೆ?



ಕಳೆದ ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ತಿಂಗಳಿಡೀ ಪ್ರವಚನ ನಡೆಯಿತು. ದಿನವೂ ಸಂಜೆ ಮುನ್ನೂರು, ನಾಲ್ಕುನೂರು ಜನ ಸೇರುತ್ತಿದ್ದರು. ಅವರಲ್ಲಿ ಮುಕ್ಕಾಲು ಪಾಲು ಹೆಣ್ಣುಮಕ್ಕಳು. ಮಂಗಲದ ಹಿಂದಿನ ದಿನ ಅಕ್ಕನ ಬಳಗದವರು ಒಬ್ಬ ವೈದ್ಯೆಯನ್ನು ಕರೆಸಿದ್ದರು. ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿನ ತಪಾಸಣೆಯ ಬಗ್ಗೆ ಅವರು ಅರ್ಧ ಗಂಟೆ ಮಾತನಾಡಬೇಕಿತ್ತು. ವೇದಿಕೆ ಹತ್ತುವ ಮುನ್ನ ಕಮಿಟಿಯ ಹಿರಿಯರೊಬ್ಬರು ಅವರ ಬಳಿ ಬಂದು ಮೆಲ್ಲಗೆ ಹೇಳಿದರು: “ಡಾಕ್ಟರ್ ಅವ್ವಾರ, ಅಪ್ಪಾರು ಕುಂತಿರ್ತಾರ. ಅವರ ಮುಂದ ಎದಿ, ಗರ್ಭಕೋಶ ಅಂತೆಲ್ಲಾ ಮಾತಾಡಬ್ಯಾಡ್ರಿ. ಶುಗರ್, ಬಿ.ಪಿ. ಬಗ್ಗೆ ನಾಕ್ ಮಾತು ಹೇಳ್ರಿ, ಸಾಕು.”

ಆ ತಾಯಿ ಶುಗರ್, ಬಿ.ಪಿ. ಬಗ್ಗೆ ನಾಲ್ಕು ಮಾತು ಹೇಳಿ ಇಳಿದರು. ಶಾಲು ಹೊದಿಸಿ, ಹಣ್ಣು ಕೊಟ್ಟು ಕಳಿಸಿದೆವು. ಮುಂದಿನ ಸಾಲಿನಲ್ಲಿ ಕುಳಿತು ಇದೆಲ್ಲವನ್ನೂ ಕೇಳಿಸಿಕೊಂಡಿದ್ದ ನಾನೂ ಬಾಯಿ ಬಿಡಲಿಲ್ಲ. ಅಂದು ಆಡಬೇಕಿದ್ದ ಮಾತನ್ನು ಇಂದು ಬರೆಯುತ್ತಿದ್ದೇನೆ.

ಅದಕ್ಕೆ ಎರಡು ವರ್ಷ ಮೊದಲು ನಮ್ಮ ಅತ್ತಿಗೆ ತೀರಿಕೊಂಡಿದ್ದರು. ಅದೇ ಮಠದ ಪ್ರವಚನಕ್ಕೆ ಒಂದು ದಿನವೂ ತಪ್ಪಿಸದವರು. ಬೆಳಗಿನ ಲಿಂಗಪೂಜೆ ಮುಗಿಸಿ ಶಿವದಾರ ಸರಿಮಾಡಿಕೊಳ್ಳುವಾಗ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತು. ನೋವಿರಲಿಲ್ಲ. ಹದಿನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಚರ್ಮ ಒಡೆದು ವಾಸನೆ ಬಂದ ಮೇಲೆ ಮನೆಯವರಿಗೆ ಗೊತ್ತಾಯಿತು. ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಹೆಂಗ ತೋರಿಸ್ಲಿ ಯವ್ವಾ, ಅದೇನ್ ಕೈಯಾಗಿನ ಗಂಟೇನು?”

ಆ ಮೌನವನ್ನು ಅವರಿಗೆ ಕಲಿಸಿದವರು ನಾವೇ, ನಮ್ಮ ಮನೆಗಳು, ನಮ್ಮ ಮಠಗಳು.

ಹೆಸರಿಗೆ ಮಾತ್ರ ಬಿಟ್ಟ ಸೂತಕ

ಬಸವಾದಿ ಶರಣರು ಪಂಚಸೂತಕಗಳನ್ನು ಕಿತ್ತೆಸೆದರು ಎಂದು ನಾವು ಪ್ರತಿ ಬಸವ ಜಯಂತಿಗೂ ಭಾಷಣ ಮಾಡುತ್ತೇವೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಗಂಡಿಗೂ ಹೆಣ್ಣಿಗೂ ಒಂದೇ ದೀಕ್ಷೆ, ಒಂದೇ ಇಷ್ಟಲಿಂಗ ಎಂದು ಎದೆ ತಟ್ಟಿಕೊಳ್ಳುತ್ತೇವೆ. ಆದರೆ ನಮ್ಮ ಎಷ್ಟು ಮನೆಗಳಲ್ಲಿ ಮುಟ್ಟಾದ ಸೊಸೆ ಪೂಜೆಯ ಕೋಣೆಯ ಹೊಸ್ತಿಲು ದಾಟುತ್ತಾಳೆ? ಗ್ರಂಥದಲ್ಲಿ ಹೋದ ಸೂತಕ ಅಡುಗೆಮನೆಯಲ್ಲಿ ಹಾಗೇ ಉಳಿದಿದೆ. ಅದೇ ಈಗ ನಾಚಿಕೆ, ಮಾನ, ಮರ್ಯಾದೆ ಎಂಬ ಹೆಸರಿನಲ್ಲಿ ಹೆಣ್ಣನ್ನು ತಪಾಸಣೆಯಿಂದ ದೂರ ಇಟ್ಟಿದೆ.

ಗರ್ಭದಲ್ಲಿರುವ ಕೂಸಿಗೇ ಎಂಟನೆಯ ತಿಂಗಳಲ್ಲಿ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು. ಆಗ ಗರ್ಭ ಎನ್ನಲು ಯಾವ ಅಯ್ಯನವರಿಗೂ ಸಂಕೋಚವಿಲ್ಲ. ಉಡಿ ತುಂಬಿ ಮಕ್ಕಳ ಫಲ ಹರಸುವಾಗಲೂ ಸಂಕೋಚವಿಲ್ಲ. ಅದೇ ಗರ್ಭದ ಬಾಯಿಗೆ ರೋಗ ಬರುತ್ತದೆ, ಅದನ್ನು ಬರುವ ಮೊದಲೇ ಹಿಡಿಯಬಹುದು ಎಂದು ಹೇಳಬೇಕಾದಾಗ ಮಾತ್ರ ಮೈಕು ಬಂದಾಗುತ್ತದೆ. ಹೆಣ್ಣಿನ ಒಡಲು ಹೆರುವಾಗ ಪವಿತ್ರ, ನೋಯುವಾಗ ಅಸಹ್ಯ ಎನ್ನುವುದಾದರೆ ಇದು ಯಾವ ಶರಣ ಧರ್ಮ?

ಸತ್ತವರ ಲೆಕ್ಕ

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬಂದಿದೆ. ಸುಮಾರು 98 ಸಾವಿರ ಮಂದಿ ಅದರಿಂದ ಸತ್ತಿದ್ದಾರೆ. ಗರ್ಭಕಂಠದ ಕ್ಯಾನ್ಸರ್ ಸುಮಾರು 1.27 ಲಕ್ಷ ಮಂದಿಗೆ ಬಂದು, ಹತ್ತಿರ ಹತ್ತಿರ 80 ಸಾವಿರ ಮಂದಿಯನ್ನು ಒಯ್ದಿದೆ.

ಈಗ ಇನ್ನೊಂದು ಲೆಕ್ಕ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಸ್ತನದ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. 30ರಿಂದ 65 ವರ್ಷದ ಎಲ್ಲ ಮಹಿಳೆಯರಿಗೂ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಆಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮಾರ್ಗಸೂಚಿ ಕಾಗದದಲ್ಲಿದೆ, ನಮ್ಮ ತಾಯಂದಿರು ಮನೆಯಲ್ಲಿದ್ದಾರೆ.

ತಪಾಸಣೆಯಿಂದ ನಿಜವಾಗಿ ಜೀವ ಉಳಿಯುತ್ತದೆಯೇ ಎಂದು ಕೇಳುವವರಿಗೆ ದೂರದ ದೇಶದ ಉದಾಹರಣೆ ಬೇಡ. ಬಸವಕಲ್ಯಾಣ, ಆಳಂದಗಳ ಗಡಿಯಾಚೆ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ ಇದೆ; ಈಗ ಧಾರಾಶಿವ ಎನ್ನುತ್ತಾರೆ. ಅಲ್ಲಿ 1999ರಲ್ಲಿ ಶುರುವಾದ ಅಧ್ಯಯನವೊಂದರಲ್ಲಿ 30ರಿಂದ 59 ವರ್ಷದ 1,31,746 ಹಳ್ಳಿಯ ಮಹಿಳೆಯರನ್ನು ನಾಲ್ಕು ಗುಂಪು ಮಾಡಿದರು. ಮೂರು ಗುಂಪಿಗೆ ಮೂರು ಬಗೆಯ ತಪಾಸಣೆ. ನಾಲ್ಕನೆಯ ಗುಂಪಿಗೆ ತಪಾಸಣೆಯ ಕರೆ ಇರಲಿಲ್ಲ. ಎಲ್ಲಿ ಮಾಡಿಸಿಕೊಳ್ಳಬಹುದೆಂಬ ತಿಳಿವಳಿಕೆ ಮಾತ್ರ. ಎಂಟು ವರ್ಷದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಎಚ್‌ಪಿವಿ ವೈರಸ್ಸಿನ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತವರು 34 ಮಂದಿ. ಕರೆ ಸಿಗದ ಗುಂಪಿನಲ್ಲಿ ಸತ್ತವರು 64 ಮಂದಿ.

ಕೆಲವರಿಗೆ ತಪಾಸಣೆ ಕೊಡದೆ ಬಿಟ್ಟದ್ದು ಸರಿಯೇ ಎಂಬ ವಾದ ಆ ಅಧ್ಯಯನದ ಮೇಲೆ ಆಮೇಲೆ ಜೋರಾಗಿಯೇ ನಡೆಯಿತು. ನಡೆಯಬೇಕಾದದ್ದೇ. ಆದರೆ ಆ ವಾದ ಓದುವಾಗ ನನಗೆ ಅನ್ನಿಸಿದ್ದು ಬೇರೆ. ಯಾವ ಅಧ್ಯಯನವೂ ಇಲ್ಲದೆ, ಯಾವ ಕಾರಣವೂ ಇಲ್ಲದೆ, ನಾವು ನಮ್ಮ ತಾಯಿ, ಹೆಂಡತಿ, ಅಕ್ಕತಂಗಿಯರನ್ನೆಲ್ಲ ಆ ನಾಲ್ಕನೆಯ ಗುಂಪಿನಲ್ಲೇ ಕೂರಿಸಿದ್ದೇವಲ್ಲ? ಇದನ್ನು ಪ್ರಶ್ನಿಸುವವರು ಯಾರು?

ಉಸ್ಮಾನಾಬಾದಿನ ಹೆಣ್ಣುಮಕ್ಕಳು ನಮಗಿಂತ ನಾಚಿಕೆಗೆಟ್ಟವರಲ್ಲ. ಹೊಲಕ್ಕೆ ಹೋಗುವವರು, ಸೆರಗು ಹೊದ್ದವರು. ಆದರೂ ಕರೆದವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಬಂದರು. ಅವರ ಹಳ್ಳಿಗೇ ಹೋಗಿ, ತಿಳಿಸಿ ಹೇಳಿ ಕರೆದದ್ದಕ್ಕೆ ಬಂದರು. ಹೆಣ್ಣುಮಕ್ಕಳು ಬರುವುದಿಲ್ಲ ಎನ್ನುವುದು ಕರೆಯದವರ ನೆಪ.

ಪರೀಕ್ಷೆ ಎಂದರೆ ಏನು?

ಭಯ ಹುಟ್ಟುವುದು ತಿಳಿಯದಿದ್ದಾಗ. ಆದ್ದರಿಂದ ಇಲ್ಲೇ ಬಿಡಿಸಿ ಹೇಳುತ್ತೇನೆ. ಈ ಪತ್ರಿಕೆ ಮಠದ ಕಟ್ಟೆಯ ಮೇಲೆ ಓದುವಂಥದ್ದು ಎಂದು ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಗರ್ಭಕಂಠ ಎಂದರೆ ಗರ್ಭಕೋಶದ ಬಾಯಿ. ಪ್ರಾಥಮಿಕ ಹಂತದ ಸರ್ಕಾರಿ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ನರ್ಸ್ ಅಥವಾ ವೈದ್ಯೆ ಅದಕ್ಕೆ ತೆಳು ಅಸಿಟಿಕ್ ಆಮ್ಲ ಸವರುತ್ತಾರೆ. ನಮ್ಮ ಅಡುಗೆಯ ವಿನಿಗರ್‌ನಲ್ಲಿ ಇರುವುದೇ ಅದು. ಒಂದು ನಿಮಿಷ ಕಾದು ನೋಡುತ್ತಾರೆ. ಕೆಟ್ಟ ಜೀವಕೋಶಗಳಿರುವ ಜಾಗ ಬೆಳ್ಳಗಾಗಿ ಕಾಣುತ್ತದೆ. ಕೊಯ್ಯುವುದಿಲ್ಲ, ಹೊಲಿಗೆ ಹಾಕುವುದಿಲ್ಲ. ಸ್ವಲ್ಪ ಉರಿ, ಸ್ವಲ್ಪ ಇರಿಸುಮುರಿಸು. ಮುಟ್ಟಿನ ದಿನಗಳಲ್ಲಿ ಈ ಪರೀಕ್ಷೆ ಮಾಡುವುದಿಲ್ಲ. ಅದಕ್ಕೆ ಕಾರಣ ಸೂತಕವಲ್ಲ, ರಕ್ತವಿದ್ದರೆ ಸರಿಯಾಗಿ ಕಾಣುವುದಿಲ್ಲ, ಅಷ್ಟೇ. ಇದಕ್ಕಿಂತ ಹೆಚ್ಚು ನಂಬಿಕಸ್ತ ಪರೀಕ್ಷೆ ಎಚ್‌ಪಿವಿಯದು. ಅದರ ಮಾದರಿಯನ್ನು ಹೆಣ್ಣುಮಗಳು ತಾನೇ ಒಬ್ಬಳೇ ಕೋಣೆಯಲ್ಲಿ ತೆಗೆದುಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಬೆಳ್ಳಗೆ ಕಂಡರೆ, ವೈರಸ್ ಇದ್ದರೆ ಕ್ಯಾನ್ಸರ್ ಬಂತೆಂದು ಅರ್ಥವಲ್ಲ. ಮುಂದಿನ ಪರೀಕ್ಷೆ ಬೇಕು ಎಂದು ಅರ್ಥ. ಈ ರೋಗ ಬಲಿಯಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಆ ಅವಧಿಯಲ್ಲಿ ಸಿಕ್ಕರೆ ಕೆಟ್ಟ ಭಾಗವನ್ನಷ್ಟೇ ಸುಟ್ಟು ತೆಗೆದು ಅದೇ ದಿನ ಮನೆಗೆ ಕಳಿಸುವ ಚಿಕಿತ್ಸೆ ಇದೆ.

ಸ್ತನದ ತಪಾಸಣೆ ಇನ್ನೂ ಸರಳ. ಕಲಿತ ಕೈಗಳಿಂದ ಮುಟ್ಟಿ ನೋಡುವುದು. ನೋವಿಲ್ಲದ ಗಂಟು, ಕುಳಿ ಬಿದ್ದ ಚರ್ಮ, ಒಳಸರಿದ ತೊಟ್ಟು, ತೊಟ್ಟಿನಿಂದ ರಕ್ತ ಸೋರುವುದು ಕಂಡರೆ ಐದು ವರ್ಷದ ಸರದಿಗೆ ಕಾಯಬಾರದು, ಆ ವಾರವೇ ಹೋಗಬೇಕು. ಹಾಗೆಯೇ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಗಂಡನೊಡನೆ ಸೇರಿದ ಮೇಲೆ ರಕ್ತ ಕಂಡರೆ, ವಾಸನೆಯ ಬಿಳಿಸೆರಗು ನಿಲ್ಲದಿದ್ದರೆ ಕೂಡಲೇ ತೋರಿಸಬೇಕು. ನೋವಿಲ್ಲ ಎಂದು ಸುಮ್ಮನಿರಬೇಡಿ. ನಮ್ಮ ಅತ್ತಿಗೆಗೂ ನೋವಿರಲಿಲ್ಲ.

ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದೂವರೆ ಲಕ್ಷ ಬಡ ಮಹಿಳೆಯರ ನಡುವೆ ವರ್ಷಗಟ್ಟಲೆ ಮಾಡಿದ ಕೆಲಸದಲ್ಲಿ ತಪಾಸಣೆ ನಡೆಸಿದವರು ಡಾಕ್ಟರರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಎರಡು ವರ್ಷಕ್ಕೊಮ್ಮೆ ನಾಲ್ಕು ಸುತ್ತು ಅಸಿಟಿಕ್ ಆಮ್ಲದ ಪರೀಕ್ಷೆ ಮಾಡಿದಾಗ ಗರ್ಭಕಂಠದ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಇಳಿಯಿತು. ಕೈಯಿಂದ ಸ್ತನ ತಪಾಸಣೆ ಮಾಡಿದ್ದರಿಂದ ರೋಗ ಬೇಗ ಸಿಕ್ಕಿತು. 50 ದಾಟಿದವರಲ್ಲಿ ಸಾವು ನೂರಕ್ಕೆ 30ರಷ್ಟು ತಗ್ಗಿತು. ಅದಕ್ಕಿಂತ ಚಿಕ್ಕವರಲ್ಲಿ ಅಷ್ಟು ಲಾಭ ಕಾಣಲಿಲ್ಲ ಎಂಬುದನ್ನೂ ಮರೆಮಾಚಬಾರದು. ಉಸ್ಮಾನಾಬಾದಿನಲ್ಲಿ ಅದೇ ಅಸಿಟಿಕ್ ಆಮ್ಲದ ಪರೀಕ್ಷೆಯನ್ನು ಒಂದೇ ಸಲ ಮಾಡಿ ಬಿಟ್ಟಾಗ ಸಾವು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಇದರಲ್ಲಿ ನಮಗೊಂದು ಪಾಠವಿದೆ. ಜಯಂತಿಯ ದಿನ ಬ್ಯಾನರ್ ಕಟ್ಟಿ, ಒಂದು ದಿನದ ಶಿಬಿರ ಮಾಡಿ, ಫೋಟೊ ತೆಗೆಸಿಕೊಂಡು ಕೈ ತೊಳೆದುಕೊಂಡರೆ ಹೆಸರು ಬರುತ್ತದೆ, ಜೀವ ಉಳಿಯುವುದಿಲ್ಲ.

ಹೇಳುವ ನೆಪಗಳು

“ನಮ್ಮ ಮನೆತನದ ಹೆಣ್ಣುಮಕ್ಕಳಿಗೆ ಅಂಥ ರೋಗ ಬರುವುದಿಲ್ಲ” ಎನ್ನುವವರಿದ್ದಾರೆ. ಎಚ್‌ಪಿವಿ ಸಂಸಾರ ಮಾಡಿದ ಯಾರಿಗೂ ಬರಬಹುದಾದ ಸಾಮಾನ್ಯ ಸೋಂಕು. ಬಹುಪಾಲು ಮಂದಿಯಲ್ಲಿ ತಾನಾಗಿ ಹೋಗುತ್ತದೆ, ಉಳಿದುಕೊಂಡವರಲ್ಲಿ ರೋಗವಾಗುತ್ತದೆ. ಒಬ್ಬನೇ ಗಂಡನೊಡನೆ ಬಾಳಿದ ಪತಿವ್ರತೆಗೂ ಬರುತ್ತದೆ, ಹೆಚ್ಚಿನ ಸಲ ಆ ಗಂಡನಿಂದಲೇ ಬರುತ್ತದೆ. ಆದ್ದರಿಂದ ರೋಗಿಯ ನಡತೆ ತೂಗುವ ತಕ್ಕಡಿ ಯಾರ ಕೈಯಲ್ಲೂ ಬೇಡ. ಸ್ತನ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರ ಮನೆತನದಲ್ಲಿ ಮೊದಲು ಆ ರೋಗ ಇರುವುದೇ ಇಲ್ಲ.

“ಗರ್ಭಕೋಶ ತೆಗೆಸಿಬಿಟ್ಟರೆ ಚಿಂತೆಯಿಲ್ಲ” ಎನ್ನುವವರು ಇನ್ನೂ ಅಪಾಯಕಾರಿ. ಬಿಳಿಸೆರಗು ಎಂದು ಹೋದ ಬಡ ಹೆಂಗಸಿಗೆ ಕ್ಯಾನ್ಸರಿನ ಹೆದರಿಕೆ ಹಾಕಿ, ಮೂವತ್ತು ಮೂವತ್ತೈದರ ಪ್ರಾಯಕ್ಕೇ ಗರ್ಭಕೋಶ ಕಿತ್ತ ಕಥೆಗಳು ನಮ್ಮ ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ತಾಯಂದಿರು ಇದರ ವಿರುದ್ಧ ಬೀದಿಗಿಳಿದದ್ದು ನೆನಪಿರಲಿ. ಹೊಲಕ್ಕೆ ಹೋಗಿ ದುಡಿಯುವ ಹೆಣ್ಣಿಗೆ ಆ ಶಸ್ತ್ರಚಿಕಿತ್ಸೆಯ ನೋವು ಜೀವಮಾನವಿಡೀ ಇರುತ್ತದೆ. ಸರಿಯಾದ ತಪಾಸಣೆಯೇ ಆ ಸುಳ್ಳು ಹೆದರಿಕೆಗೆ ಮದ್ದು.

“ಇದು ಡಾಕ್ಟರರ ಕೆಲಸ, ಮಠದ್ದಲ್ಲ” ಎನ್ನುವುದು ದೊಡ್ಡವರ ನೆಪ. ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಡುವುದು ಸರ್ಕಾರದ ಕೆಲಸ ಎಂದು ಸಿದ್ಧಗಂಗೆ ಸುಮ್ಮನೆ ಕೂತಿತ್ತೇ? ಸುತ್ತೂರು ಮಠದ ವಿದ್ಯಾಪೀಠ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜನ್ನೇ ನಡೆಸುತ್ತಿಲ್ಲವೇ? ಆಸ್ಪತ್ರೆ ಕಟ್ಟುವುದು ಮಠದ ಕೆಲಸವಾದರೆ, ಆ ಆಸ್ಪತ್ರೆಯ ಬಾಗಿಲಿಗೆ ಹೆಣ್ಣುಮಗಳು ನಾಚದೆ ಬರುವಂತೆ ಮಾಡುವುದೂ ಮಠದ ಕೆಲಸವೇ. ಆಶಾ ಕಾರ್ಯಕರ್ತೆ ಹತ್ತು ಸಲ ಮನೆ ಬಾಗಿಲಿಗೆ ಬಂದರೂ ಅತ್ತೆ ಒಪ್ಪುವುದಿಲ್ಲ. ಅದೇ ಅತ್ತೆ ಅಪ್ಪನವರ ಒಂದು ಮಾತಿಗೆ ಸೊಸೆಯನ್ನು ತಾನೇ ಕರೆದುಕೊಂಡು ಹೋಗುತ್ತಾಳೆ. ಆ ಒಂದು ಮಾತನ್ನು ಅಪ್ಪನವರು ಆಡಬೇಕು, ಅಷ್ಟೇ ನಾನು ಬೇಡುವುದು.

“ರೋಗ ಸಿಕ್ಕರೆ ಮುಂದೆ ದುಡ್ಡೆಲ್ಲಿ?” ಎಂದು ಕೇಳುವ ಹೆಣ್ಣುಮಗಳದ್ದು ಮಾತ್ರ ನೆಪವಲ್ಲ, ನಿಜವಾದ ಪ್ರಶ್ನೆ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಇದೆ, ಕಲಬುರಗಿಯಲ್ಲಿ ಅದರ ಶಾಖೆ ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಆದರೆ ಬಸ್ಸಿನ ಖರ್ಚು, ಹೋದ ದಿನದ ಕೂಲಿ, ಕಾಗದಪತ್ರ, ಜೊತೆಗೊಬ್ಬರು ಇವೆಲ್ಲ ಯೋಜನೆಯಲ್ಲಿ ಸಿಗುವುದಿಲ್ಲ. ದಾಸೋಹ ಶುರುವಾಗಬೇಕಾದದ್ದು ಅಲ್ಲಿ.

ಮಠಗಳು ಮಾಡಬೇಕಾದದ್ದು

ಒಂದು: ಪ್ರತಿ ಶ್ರಾವಣ ಪ್ರವಚನದಲ್ಲಿ ಒಂದು ಸಂಜೆ ಇದಕ್ಕೇ ಮೀಸಲಾಗಲಿ. ಪೂಜ್ಯರು ವೇದಿಕೆಯ ಮೇಲೆ ಇದ್ದೇ ಇರಲಿ. ಸ್ತನ, ಗರ್ಭಕಂಠ ಎಂಬ ಮಾತುಗಳು ಅವರ ಬಾಯಿಂದಲೇ ಮೊದಲು ಬರಲಿ. ಗುರು ಆಡಿದ ಮಾತನ್ನು ಅಸಹ್ಯ ಎನ್ನುವ ಧೈರ್ಯ ಯಾವ ಕಮಿಟಿಗೂ ಇರುವುದಿಲ್ಲ.

ಎರಡು: ಮಾಸಿಕ ಶಿವಾನುಭವ ಗೋಷ್ಠಿಯ ದಿನ ಮಠದಲ್ಲಿ ಬಾಗಿಲು, ಪರದೆ, ನೀರು ಇರುವ ಒಂದು ಕೋಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಬಿಟ್ಟುಕೊಡಲಿ. ಪರೀಕ್ಷೆ ಮಾಡುವವರು ಹೆಂಗಸರೇ ಆಗಿರಲಿ. ಮಠದ ದಾಸೋಹದ ಅಡುಗೆಯ ತಾಯಂದಿರು, ನಮ್ಮ ಶಾಲೆಗಳ ಶಿಕ್ಷಕಿಯರು ಮೊದಲ ಸಾಲಿನಲ್ಲಿ ನಿಲ್ಲಲಿ. ಯಾವ ಜಾತಿಯ ತಾಯಿ ಬಂದರೂ ಅದೇ ಕೋಣೆ, ಅದೇ ಮಂಚ.

ಮೂರು: ಉಡಿ ತುಂಬುವ ಕಾರ್ಯಕ್ರಮಕ್ಕೆ ಸಾವಿರಗಟ್ಟಲೆ ಹೆಣ್ಣುಮಕ್ಕಳು ಬರುತ್ತಾರೆ. ಕುಬಸದ ಖಣ, ಕೊಬ್ಬರಿ ಬಟ್ಟಲ ಜೊತೆ ತಪಾಸಣೆಯ ದಿನ ಬರೆದ ಒಂದು ಚೀಟಿಯೂ ಉಡಿಗೆ ಬೀಳಲಿ. ಮುತ್ತೈದೆಯರಿಗಷ್ಟೇ ಉಡಿ ಎಂಬ ಪದ್ಧತಿಯೂ ಹೋಗಲಿ. ಗಂಡ ಸತ್ತ ಹೆಣ್ಣಿಗೆ ಉಡಿ ತುಂಬದೆ ಹಿಂದೆ ಕೂರಿಸಿದರೆ, ವಯಸ್ಸು ಕಳೆದು ಅಪಾಯ ಹೆಚ್ಚಿದ ತಾಯಂದಿರೇ ಮೊದಲು ಕೈತಪ್ಪುತ್ತಾರೆ.

ನಾಲ್ಕು: ಅಕ್ಕನ ಬಳಗ, ಕದಳಿ ವೇದಿಕೆಗಳು ಬೆನ್ನುಹತ್ತುವ ಕೆಲಸ ಮಾಡಲಿ. ಮುಂದಿನ ಪರೀಕ್ಷೆಗೆ ಹೋಗಬೇಕಾದವರು ಹೋದರೋ ಇಲ್ಲವೋ ನೋಡಿ, ಪ್ರತಿಯೊಬ್ಬರಿಗೂ ಒಬ್ಬ ಅಕ್ಕ ಜೊತೆಯಾಗಲಿ. ಆದರೆ ಯಾರ ಫಲಿತಾಂಶವೂ ಕಟ್ಟೆಯ ಮಾತಾಗಬಾರದು. ಒಂದು ಹೆಸರು ಹೊರಬಿದ್ದರೆ ಮುಂದಿನ ನೂರು ಮಂದಿ ಬರುವುದಿಲ್ಲ.

ಐದು: ಮಠಗಳು ನಡೆಸುವ ವೈದ್ಯಕೀಯ ಕಾಲೇಜುಗಳು ಬಡವರಿಗೆ ಎಚ್‌ಪಿವಿ ಪರೀಕ್ಷೆಯನ್ನೂ ಮುಂದಿನ ಚಿಕಿತ್ಸೆಯನ್ನೂ ಉಚಿತವಾಗಿ ಕೊಡಲಿ. ಸಂಸ್ಥೆಯ ಹೆಸರಿನ ಹಿಂದೆ ಶರಣರ ಹೆಸರಿದ್ದರೆ ಅದರ ಬಿಲ್ಲಿನಲ್ಲೂ ಅದು ಕಾಣಬೇಕು. ನಮ್ಮ ಶಾಲೆಗಳ 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆಯ ವಿಷಯ ತಂದೆತಾಯಿಗಳ ಸಭೆಯಲ್ಲೇ ತಿಳಿಸಲಿ. ನಮ್ಮ ದೇಶದಲ್ಲೇ ತಯಾರಾದ ಲಸಿಕೆಯೂ ಈಗ ಇದೆ. ಲಸಿಕೆ ಹಾಕಿಸಿಕೊಂಡವರಿಗೂ ದೊಡ್ಡವರಾದ ಮೇಲೆ ತಪಾಸಣೆ ಬೇಕೇ ಬೇಕು.

ಕೊನೆಯ ಮಾತು ಗಂಡಸರಿಗೆ. ಅಣ್ಣಂದಿರೇ, ಎತ್ತು ಮೇವು ಬಿಟ್ಟರೆ ಆ ದಿನವೇ ಡಾಕ್ಟರರನ್ನು ಕರೆಸುತ್ತೀರಿ. ಮನೆಯಾಕೆ ವರ್ಷದಿಂದ ಸೊಂಟ ಹಿಡಿದುಕೊಂಡು ಓಡಾಡಿದರೆ “ಹೆಂಗಸರದು ಇದ್ದದ್ದೇ” ಎನ್ನುತ್ತೀರಿ. ತಪಾಸಣೆಯ ದಿನ ನೀವೇ ಒಲೆ ಹಚ್ಚಿ, ಹಾಲು ಹಿಂಡಿ, ಮೊಮ್ಮಕ್ಕಳನ್ನು ನೋಡಿಕೊಳ್ಳಿ. ಆಕೆಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ ಹೊರಗೆ ಕಾಯಿರಿ. ಕಾಯಕದಲ್ಲಿ ಮೇಲುಕೀಳಿಲ್ಲ ಎಂದವರು ನೀವೇ ಅಲ್ಲವೇ?

ಈ ವರ್ಷವೂ ಶ್ರಾವಣ ಬರುತ್ತದೆ. ನಮ್ಮ ಮಠದಲ್ಲಿ ಮತ್ತೆ ಪ್ರವಚನ ನಡೆಯುತ್ತದೆ. ಆ ವೈದ್ಯೆಯನ್ನು ಮತ್ತೆ ಕರೆಯೋಣ ಎಂದು ಅಕ್ಕನ ಬಳಗದಲ್ಲಿ ನಾನು ಹೇಳಿದ್ದೇನೆ. ಹನ್ನೊಂದು ಮಂದಿ ಸಹಿ ಹಾಕಿದ್ದಾರೆ. ಕಮಿಟಿಯವರು ಈ ಸಲವೂ ಅವರನ್ನು ತಡೆದರೆ ಮುಂದಿನ ಸಾಲಿನಲ್ಲಿ ಕೂತ ನಾನು ಎದ್ದು ನಿಂತು ಆ ಮಾತುಗಳನ್ನು ನಾನೇ ಹೇಳುತ್ತೇನೆ. ನಮ್ಮ ಅತ್ತಿಗೆ ಕೂರುತ್ತಿದ್ದ ಕಂಬದ ಬಳಿ ಈಗ ಇನ್ನೊಬ್ಬ ತಾಯಿ ಕೂರುತ್ತಾರೆ. ಅವರ ಕೈಗೆ ಏನು ಸಿಕ್ಕಿದೆಯೋ ನಮಗೆ ಗೊತ್ತಿಲ್ಲ. ಅವರು ಕೇಳುವಂತೆ ಹೇಳಬೇಕು.